ಪರಿಸರದ ಸಿನಿಮಾ ತೋರಿಸಿದೆವು, "ಈಗ ಚರ್ಚೆ" ಅಂದ ತಕ್ಷಣ ಜನ ಎದ್ದು ಹೋದರು. ಏನು ಮಾಡೋದು?

ಹಳೇಪೇಟೆ ಹುಡುಗಿ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳತಿಯರು ಸೇರಿ ತಿಂಗಳಿಗೊಂದು ಪರಿಸರದ ಸಿನಿಮಾ ತೋರಿಸೋಣ ಅಂತ ಶುರು ಮಾಡಿದೆವು. ಮೊದಲನೆಯದು ಹೋದ ಭಾನುವಾರ ನಮ್ಮ ಓಣಿಯ ಸಮುದಾಯ ಭವನದಲ್ಲಿ ಆಯ್ತು. ಹಿಮನದಿ ಕರಗುವ ಬಗ್ಗೆ ಒಂದೂವರೆ ಗಂಟೆಯ ಇಂಗ್ಲಿಷ್ ಡಾಕ್ಯುಮೆಂಟರಿ. ಬಂದವರು ಸುಮಾರು ಅರವತ್ತು ಜನ. ಅರ್ಧ ಮುಗಿಯೋ ಹೊತ್ತಿಗೆ ನಲವತ್ತಾದರು. ಲೈಟ್ ಹಾಕಿ, ಮೈಕ್ ಹಿಡಿದು "ಈಗ ಚರ್ಚೆ ಮಾಡೋಣ" ಅಂದೆ ನೋಡಿ, ಕುರ್ಚಿ ಎಳೆಯೋ ಸದ್ದೇ ಸದ್ದು. ಉಳಿದವರು ಹನ್ನೊಂದು. ಅದರಲ್ಲಿ ಐದು ನಾವೇ.

ಉಳಿದವರಲ್ಲಿ ಒಬ್ಬ ಅಜ್ಜ ಕೈ ಎತ್ತಿದರು. "ಅಲ್ಲಮ್ಮಾ, ಆ ಐಸ್ ಕರಗಿದ ನೀರು ನಮ್ಮ ಓಣಿಗೆ ಯಾವಾಗ ಬರ್ತದೆ? ನಲ್ಲಿ ಬಂದು ಎಂಟು ದಿನ ಆಯ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಳು ಬಂತು.

ಇನ್ನೊಂದು ಎಡವಟ್ಟು. ಬಂದವರಿಗೆ ಕುಡಿಯೋಕೆ ಅಂತ ನಮ್ಮವಳೊಬ್ಬಳು ಚಿಕ್ಕ ಪ್ಲಾಸ್ಟಿಕ್ ಬಾಟಲಿ ಎರಡು ಕೇಸು ತಂದಿಟ್ಟಿದ್ದಳು. ಫೋಟೋದಲ್ಲಿ "ಭೂಮಿ ಉಳಿಸಿ" ಬ್ಯಾನರ್ ಮುಂದೆ ಅದೇ ಬಾಟಲಿಗಳ ಸಾಲು. ಬ್ಯಾನರ್ ಕೂಡ ಫ್ಲೆಕ್ಸೇ. ಬೈಯೋರು ಬೈಯಬಹುದು, ನಾವೇ ಸಾಕಷ್ಟು ಬೈದುಕೊಂಡಿದ್ದೇವೆ.

ಯಾವ ಸಿನಿಮಾ ಹಾಕಿದರೆ ಜನ ಮಾತಾಡ್ತಾರೆ? ಚರ್ಚೆ ನಡೆಸೋದು ಹೇಗೆ? ದುಡ್ಡು ಜಾಸ್ತಿ ಇಲ್ಲ.

ಮಿರ್ಚಿ ಮಂಡಕ್ಕಿ
ಆ ಅಜ್ಜನಿಗೆ ಒಂದು ಪ್ರಶಸ್ತಿ ಕೊಡಿ ಮೊದಲು.

ಕಾಲುವೆ ಕೊನೆ
ಅಜ್ಜನ ಪ್ರಶ್ನೆಯೇ ಚರ್ಚೆ ಆಗಿತ್ತಲ್ಲ ಮೇಡಂ. ನೀವು ನಕ್ಕು ಬಿಟ್ಟುಬಿಟ್ಟಿರಿ.

ಕೋಟೆ ಬತೇರಿ (ಚಿತ್ರದುರ್ಗ)
ನಮಗೂ ಇದೇ ಆಗಿತ್ತು. ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಹಾಕಿದ್ವಿ. ದುರ್ಗದಲ್ಲಿ ಸಮುದ್ರ! ಒಬ್ಬ ಹುಡುಗ "ಅಂಕಲ್, ತಿಮಿಂಗಿಲ ಬಂಗಡೆ ಮೀನು ತಿನ್ನುತ್ತಾ?" ಅಂತ ಕೇಳಿದ. ಅಲ್ಲಿಗೆ ಚರ್ಚೆ ಮುಗೀತು.

ಎರಡನೇ ಸಲ ಬುದ್ಧಿ ಬಂತು. ಮೊಬೈಲ್‌ನಲ್ಲೇ ಹನ್ನೆರಡು ನಿಮಿಷದ್ದು ನಾವೇ ತೆಗೆದೆವು. ವಿಷಯ, ಕೋಟೆಯ ಹೊಂಡಗಳು. ಗುಡ್ಡದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆಹೊಂಡ. ಪಾಳೇಗಾರರ ಕಾಲದಲ್ಲಿ ಪಂಪಿಲ್ಲ, ಕರೆಂಟಿಲ್ಲ, ಇಳಿಜಾರು ಒಂದೇ. ಇದನ್ನು ನೀರಿನ ದಾರಿಯಲ್ಲೇ ನಡೆದುಕೊಂಡು ಶೂಟ್ ಮಾಡಿದೆವು. ಮಧ್ಯೆ ಎಲ್ಲೆಲ್ಲಿ ಕಾಲುವೆ ಮುಚ್ಚಿದೆ, ಎಲ್ಲಿ ಕಟ್ಟಡದ ಕಸ ಸುರಿದಿದ್ದಾರೆ, ಎಲ್ಲಾ ಬಂತು.

ಸಿನಿಮಾ ಮುಗಿಯೋಕೆ ಮುಂಚೆಯೇ ಹಿಂದಿನ ಸಾಲಿಂದ ಒಬ್ಬ ಅಜ್ಜಿ ಕೂಗಿದರು. "ಏ ತಮ್ಮಾ, ಅದು ತಪ್ಪು. ನಾವು ನೀರು ತರ್ತಿದ್ದ ಮೆಟ್ಟಿಲು ಆ ಕಡೆ ಅಲ್ಲ, ಈ ಕಡೆ." ಪಕ್ಕದ ಇನ್ನೊಬ್ಬ ಅಜ್ಜಿ "ನಿಂಗೆ ಮರೆವು, ಆ ಕಡೆನೇ" ಅಂದರು. ಬಿದ್ದಿತು ನೋಡಿ ಜಗಳ. ಯಾರ ಮದುವೆಗೆ ಎಷ್ಟು ಕೊಡ ಹೊತ್ತಿದ್ದು ಅನ್ನೋವರೆಗೂ ಹೋಯ್ತು. ನಾವು ಮೈಕ್ ಕೊಡೋಕೂ ಆಗಲಿಲ್ಲ, ಬೇಕಾಗಲೂ ಇಲ್ಲ.

ನನ್ನ ಸಲಹೆ ಇಷ್ಟೇ. ನಿಮ್ಮ ಸಿನಿಮಾದಲ್ಲಿ ಒಂದು ತಪ್ಪು ಇರಲಿ. ತಿದ್ದೋಕೆ ಜನ ತಾವಾಗಿ ಮಾತಾಡ್ತಾರೆ.

ಮಿರ್ಚಿ ಮಂಡಕ್ಕಿ
ಹೊಂಡದ ಬಗ್ಗೆ ಜಂಬ ಸಾಕು ಅಣ್ಣ. ಈಗ ನಿಮ್ಮ ದುರ್ಗ ಕುಡಿಯೋದು ನಮ್ಮ ಚನ್ನಗಿರಿ ಸೂಳೆಕೆರೆ ನೀರು.

ಕೋಟೆ ಬತೇರಿ (ಚಿತ್ರದುರ್ಗ)
ನಮ್ಮ-ನಿಮ್ಮ ಏನು ಬಂತು? 1997ರವರೆಗೂ ದಾವಣಗೆರೆಯೇ ನಮ್ಮ ಜಿಲ್ಲೆಯ ತಾಲ್ಲೂಕು. ಕೆರೆನೂ ನಮ್ಮದೇ ಅಂದ್ಕೊಳ್ಳಿ.

ಸಂತೆಬೆನ್ನೂರಿನವ
ತಪ್ಪು. ದಾವಣಗೆರೆ ನಿಮ್ಮದಾಗಿತ್ತು ಸರಿ. ಆದರೆ ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆ. ಹೊನ್ನಾಳಿನೂ ಅಷ್ಟೇ. ಸೂಳೆಕೆರೆ ಯಾವತ್ತೂ ದುರ್ಗದ ಜಿಲ್ಲೆಯಲ್ಲಿ ಇರಲಿಲ್ಲ.

ಕೋಟೆ ಬತೇರಿ (ಚಿತ್ರದುರ್ಗ)
ನೋಡಿದ್ರಾ ಮೇಡಂ? ಒಂದು ತಪ್ಪು ಹೇಳಿದೆ, ಚನ್ನಗಿರಿ ತಾಲ್ಲೂಕಿಂದ ಜನ ಬಂದರು.

ನಿವೃತ್ತ ಮೇಷ್ಟ್ರು
ಈ ಚರ್ಚೆ ನೋಡಿ ಸಂತೋಷ ಆಯ್ತು. ಹಳ್ಳಿ ಜನಕ್ಕೆ ಗಂಭೀರ ಸಿನಿಮಾ ಹಿಡಿಸಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹೆಗ್ಗೋಡಿನ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಬೇರೆ ಬೇರೆ ದೇಶದ ಸಿನಿಮಾ ತೋರಿಸಿದರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ನಾಟಕ ತಂಡ 1997ರಿಂದ ಊರೂರು ತಿರುಗ್ತಿದೆ. ಜನ ನೆಲದ ಮೇಲೆ ಕೂತು ನೋಡ್ತಾರೆ. ತೋರಿಸೋ ರೀತಿ ಮುಖ್ಯ.

ಒಂದು ಸಲ ಗಿರೀಶ ಕಾಸರವಳ್ಳಿಯವರ "ದ್ವೀಪ" ಹಾಕಿ ನೋಡಿ. 2002ರದ್ದು, ನಾ. ಡಿಸೋಜರ ಕಥೆ. ಅಣೆಕಟ್ಟಿನ ನೀರು ಏರ್ತಾ ಬಂದಾಗ ಮನೆ ಬಿಡದ ಒಂದು ಸಂಸಾರ. ದಾವಣಗೆರೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಾವು ದಿನಾ ಬೆಳಿಗ್ಗೆ ಪೇಪರ್ ತೆಗೆದು ಭದ್ರಾ ಡ್ಯಾಮ್ ಎಷ್ಟು ಅಡಿ ಆಯ್ತು ಅಂತ ನೋಡ್ತೀವಲ್ಲ? 186 ಅಡಿ ಮುಟ್ಟಿದರೆ ಹಬ್ಬ. ಆ ನೀರಿನ ಕೆಳಗೂ ಊರುಗಳಿದ್ದವು. ನನಗೆ ಲಕ್ಕವಳ್ಳಿ ಕಡೆಯ ಒಬ್ಬ ವಿದ್ಯಾರ್ಥಿ ಇದ್ದ. "ನಮ್ಮ ತಾತನ ಮನೆ ಡ್ಯಾಮಿನಲ್ಲಿದೆ ಸಾರ್" ಅಂತ ಆರಾಮಾಗಿ ಹೇಳ್ತಿದ್ದ, ಹಿತ್ತಲಿನಲ್ಲಿದೆ ಅನ್ನೋ ಹಾಗೆ. ನಮ್ಮ ಭತ್ತದ ಗದ್ದೆಯವರ ಜೊತೆ ಕೂತು ಆ ಸಿನಿಮಾ ನೋಡಿದರೆ ಮಾತು ಬರದೇ ಇರುತ್ತಾ?

ಸುಮ್ನೆ ಒಂದು ಮಾತು
ಮೇಷ್ಟ್ರೇ, ಎರಡು ಗಂಟೆ ಸಿನಿಮಾ ಆದ ಮೇಲೆ ಮಾತು ಬರಲ್ಲ, ನಿದ್ದೆ ಬರುತ್ತೆ.

ಕರಿಕೋಟು
ಎಲ್ಲರೂ ಉತ್ಸಾಹದಲ್ಲಿ ಒಂದು ಮರೆತಿದ್ದೀರಿ. ಇಂಟರ್‌ನೆಟ್‌ನಲ್ಲಿ ಸಿಕ್ತು ಅಂತ ಸಮುದಾಯ ಭವನದಲ್ಲಿ ಹಾಕುವ ಹಾಗಿಲ್ಲ. ಟಿಕೆಟ್ ಇಲ್ಲ, ಲಾಭ ಇಲ್ಲ ಅನ್ನೋದು ಸಿನಿಮಾಕ್ಕೆ ನೆಪ ಆಗಲ್ಲ. ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಶಾಲೆ-ಕಾಲೇಜಿಗೆ ವಿನಾಯಿತಿ ಇದೆ. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ಮಕ್ಕಳು, ಪೋಷಕರು, ಆ ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಓಣಿಯವರೆಲ್ಲ ಬಂದರೆ ಅದು ಬೇರೆ ಲೆಕ್ಕ.

ಭಯ ಬೀಳಬೇಡಿ. ಡಾಕ್ಯುಮೆಂಟರಿ ಮಾಡಿದವರಿಗೆ ಒಂದು ಮೇಲ್ ಬರೆಯಿರಿ. ಯಾವ ಊರು, ಎಷ್ಟು ಜನ, ಟಿಕೆಟ್ ಇಲ್ಲ ಅಂತ ಹೇಳಿ. ನಾನು ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಖುಷಿಯಿಂದ ಒಪ್ಪಿದರು. ಒಬ್ಬರು ಫೋನಿನಲ್ಲಿ ಚರ್ಚೆಗೂ ಬಂದರು. 2020ರಲ್ಲಿ ಶುರುವಾದ ಆಲ್ ಲಿವಿಂಗ್ ಥಿಂಗ್ಸ್ ಪರಿಸರ ಚಿತ್ರೋತ್ಸವದವರು ಬೇರೆ ಬೇರೆ ಊರಿನ ಗುಂಪುಗಳಿಗೆ ಪ್ರದರ್ಶನ ಮಾಡೋಕೆ ಅವಕಾಶ ಕೊಡ್ತಾರೆ. ಅವರನ್ನೂ ಕೇಳಿ.

ಹಳೇಪೇಟೆ ಹುಡುಗಿ (ದಾವಣಗೆರೆ)
ಅಯ್ಯೋ ಸರ್, ನಾವು ಯಾರನ್ನೂ ಕೇಳಿರಲಿಲ್ಲ. ಇವತ್ತೇ ಬರೀತೀನಿ.

ಹಸಿರು ಹಸಿರು
ಚರ್ಚೆಯ ಗೊಡವೆ ಯಾಕೆ? ಸಿನಿಮಾ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಸಸಿ ಕೊಡಿ. ಊರಾಚೆ ಖಾಲಿ ಬಿದ್ದ ಬಂಜರಿನಲ್ಲಿ ನೆಡಿಸಿ. ಮಾತಿಗಿಂತ ಕೆಲಸ ಮೇಲು.

ಕಾವಲು ಕುರಿ (ಚಳ್ಳಕೆರೆ)
ಬಂದ್ರು ನೋಡಿ ಬಂಜರು ಅಂತ. ಸ್ವಾಮಿ, ಯಾವುದು ಬಂಜರು? ನಮ್ಮ ಅಮೃತ ಮಹಲ್ ಕಾವಲನ್ನೂ ಬಂಜರು ಅಂತಾನೇ ಕರೆದರು. ಹುಲ್ಲುಗಾವಲು ಅದು. ಕುರಿ, ದನ, ತೋಳ, ಕೃಷ್ಣಮೃಗ ಎಲ್ಲದಕ್ಕೂ ಹೊಟ್ಟೆಗೆ ಅದೇ. ಮರ ಇಲ್ಲದ ಕಡೆಯೆಲ್ಲ ಖಾಲಿ ಅಂದರೆ ನಾವೆಲ್ಲ ಖಾಲಿ ಜಾಗದಲ್ಲಿ ಹುಟ್ಟಿದವರಾ?

ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣು, ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಗಿತ್ತು. ದೇಶಕ್ಕೆ ಅವೂ ಬೇಕು, ನಾನು ಇಲ್ಲ ಅನ್ನಲ್ಲ. ಆದರೆ ಗೋಡೆ ಎದ್ದ ಮೇಲೆ ಕುರಿ ಹೊಡಕೊಂಡು ಸುತ್ತಿ ಬರೋದು ನಾವು. ಇದರ ಬಗ್ಗೆ ಸಿನಿಮಾ ಇದ್ದರೆ ಹೇಳಿ, ಚಳ್ಳಕೆರೆಯಲ್ಲಿ ನಾನೇ ಪರದೆ ಕಟ್ಟಿಸ್ತೀನಿ. ಕಂಬಳಿ ಹಾಸ್ತೀನಿ ಕೂರೋಕೆ.

ಹಸಿರು ಹಸಿರು
ಸಾರಿ ಅಣ್ಣ. ನನಗೆ ಇದು ಗೊತ್ತಿರಲಿಲ್ಲ. ನಿಜವಾಗಿ.

ಕಾವಲು ಕುರಿ (ಚಳ್ಳಕೆರೆ)
ಇರಲಿ ಬಿಡಿ. ಸಸಿ ನಿಮ್ಮ ಓಣಿಯಲ್ಲಿ ನೆಡಿ, ನೆರಳಾಗುತ್ತೆ.

ಭಟ್ಟಿ ಮನೆ ಮಗ
ನಾನು ಬರೀಬಾರದು ಅಂದುಕೊಂಡಿದ್ದೆ. ಆದರೂ ಬರೀತೀನಿ. ನಮ್ಮದು ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಪರಿಸರ ಅಂದ ಕೂಡಲೇ ಎಲ್ಲರೂ ನಮ್ಮ ಕಡೆ ಬೆರಳು ತೋರಿಸ್ತಾರೆ. ಕಾಲೇಜಿನವರು ಕ್ಯಾಮೆರಾ ತಂದು ಹೊಗೆ ತೋರಿಸಿ, ಹಿಂದೆ ದುಃಖದ ಪಿಟೀಲು ಹಾಕಿ ಬಿಡ್ತಾರೆ. ಆಮೇಲೆ ಅದೇ ಹುಡುಗರು ಸಂಜೆ ಮಿರ್ಚಿ ಜೊತೆ ನಮ್ಮದೇ ಮಂಡಕ್ಕಿ ತಿಂತಾರೆ.

ಹೊಗೆ ಇಲ್ಲ ಅಂತ ಹೇಳಲ್ಲ. ಹಳೇ ಟೈರ್ ಸುಟ್ಟವರಿದ್ದಾರೆ, ನಮ್ಮಪ್ಪನೂ ಸುಟ್ಟಿದ್ದಾರೆ. ಯಾಕೆ ಅಂತ ಯಾರೂ ಕೇಳಲ್ಲ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು. ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿಯಬೇಕು. ಮರಳು ಸ್ವಲ್ಪ ತಣ್ಣಗಾದರೂ ಅಕ್ಕಿ ಅರಳಲ್ಲ, ಕಲ್ಲಾಗುತ್ತೆ. ಅಷ್ಟು ಉರಿ ಬೇಕು ಅಂದರೆ ಕಟ್ಟಿಗೆ ದುಬಾರಿ. ಟೈರ್ ಅಗ್ಗ, ಉರಿ ಜೋರು. ಆ ಹೊಗೆಯಲ್ಲಿ ಮೊದಲು ಕೂತವರು ನಾವೇ. ಅಪ್ಪನ ಕೆಮ್ಮಿಗೆ ನನಗೆ ರಾತ್ರಿ ಎಚ್ಚರ ಆಗ್ತಿತ್ತು. ಈಗ ನಾವು ಹೊಟ್ಟು, ಕಟ್ಟಿಗೆ ಹಾಕ್ತೀವಿ. ಲಾಭ ಕಮ್ಮಿ ಆಯ್ತು, ಅಪ್ಪನ ಕೆಮ್ಮು ಪೂರ್ತಿ ಹೋಗಿಲ್ಲ.

ಒಂದು ಸಲ ನಮ್ಮನ್ನೂ ಕರೀರಿ. ಬೈಯೋಕಲ್ಲ, ಕೇಳೋಕೆ.

ಹಳೇಪೇಟೆ ಹುಡುಗಿ (ದಾವಣಗೆರೆ)
ಅಣ್ಣ, ಖಂಡಿತ ಬನ್ನಿ. ನಿಮಗೇ ಮೊದಲ ಮೈಕ್.

ಭಟ್ಟಿ ಮನೆ ಮಗ
ಮೈಕ್ ಬೇಡ. ಕೂತು ಮಾತಾಡೋಣ.

ಸುಮ್ನೆ ಒಂದು ಮಾತು
ಒಂದು ಕಹಿ ಪ್ರಶ್ನೆ. ಇಷ್ಟೆಲ್ಲ ಸಿನಿಮಾ ತೋರಿಸಿ ಏನಾಯ್ತು? ನೋಡಿದವರು ಮೊದಲೇ ಒಪ್ಪಿದವರು. ಒಪ್ಪದವರು ಬರೋದೇ ಇಲ್ಲ. ಬಂದವರು ಚಪ್ಪಾಳೆ ತಟ್ಟಿ, ಗಾಡಿ ಸ್ಟಾರ್ಟ್ ಮಾಡಿ, ಎರಡು ಬೀದಿ ಆಚೆಯ ಮನೆಗೆ ಹೋಗ್ತಾರೆ. ಪ್ಲಾಸ್ಟಿಕ್ ಕವರ್ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ. ದೇಶಕ್ಕೆಲ್ಲ 2022ರ ಜುಲೈ 1ರಿಂದ ಒಂದು ಸಲ ಬಳಸೋ ಪ್ಲಾಸ್ಟಿಕ್ ಸಾಮಾನಿಗೆ ನಿಷೇಧ ಬಂತು. ಸಂತೆಗೆ ಹೋಗಿ ನೋಡಿ. ಕಾನೂನಿಂದ ಆಗದ್ದು ಪ್ರೊಜೆಕ್ಟರ್‌ನಿಂದ ಆಗುತ್ತಾ?

ಹಿರಿಯೂರು ತೆಂಗು
ಆಗಲ್ಲ. ಆದರೆ ಬೇರೆ ಏನೋ ಆಗುತ್ತೆ. ನಮ್ಮ ಊರಲ್ಲಿ ವಾಣಿ ವಿಲಾಸ ಸಾಗರ ಅಣೆಕಟ್ಟಿನದ್ದು ಹಾಕಿದ್ವಿ. ಸಿನಿಮಾ ಅಂದರೆ ಸಿನಿಮಾ ಅಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಎಲ್ಲರೂ ಮೊಬೈಲ್‌ನಲ್ಲಿ ತೆಗೆದಿದ್ದರಲ್ಲ, ಆ ತುಣುಕುಗಳನ್ನೇ ವಾಟ್ಸಾಪಿನಲ್ಲಿ ಕೇಳಿ ಸೇರಿಸಿದ್ವಿ. 1907ರಲ್ಲಿ ಮುಗಿದ ಕಟ್ಟೆ. ನೂರು ವರ್ಷದಲ್ಲಿ ಒಂದೇ ಸಲ ತುಂಬಿದ್ದು ಅಂತ ನಮ್ಮವನು ಶೀರ್ಷಿಕೆ ಹಾಕಿದ್ದ...

ಕರಿಕೋಟು
1933ರಲ್ಲೂ ಕೋಡಿ ಬಿದ್ದಿತ್ತು. 89 ವರ್ಷ.

ಹಿರಿಯೂರು ತೆಂಗು
ಹಾ, ಅದನ್ನೇ ಹೇಳೋಕೆ ಬಂದೆ, ನೀವು ಮಧ್ಯೆ ಬಾಯಿ ಹಾಕಿದ್ರಿ. ಅಲ್ಲೂ ಹೀಗೇ ಒಬ್ಬರು ತಿದ್ದಿದರು. ತುಂಬಿದ ಖುಷಿ ಎಲ್ಲರಿಗೂ. ಅದೇ ಪರದೆ ಮೇಲೆ ಮುಂದಿನ ತುಣುಕು, ಕೋಡಿ ನೀರಿನಲ್ಲಿ ಮುಳುಗಿದ ತೋಟ. ಸಭೆ ತಣ್ಣಗಾಯ್ತು. ಒಬ್ಬ ರೈತರು ಎದ್ದರು. "ಹಳ್ಳ ಒತ್ತಿ ತೆಂಗು ಹಾಕಿದ್ದು ನಾನೇ. ನೀರು ಇತ್ತ ಕಡೆ ಬರಲ್ಲ ಅಂತ ಎಲ್ಲರಂಗೆ ನಾನೂ ತಿಳಕೊಂಡಿದ್ದೆ." ಎಲ್ಲರ ಮುಂದೆ ಹೇಳಿದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಷ್ಟರಲ್ಲಿ ಅವರು ಹಳ್ಳದ ಕಡೆಯ ಎರಡು ಸಾಲು ಕಿತ್ತಿದ್ದರು. ಇದು ಸಿನಿಮಾದಿಂದ ಆಯ್ತಾ? ಗೊತ್ತಿಲ್ಲ. ಆ ಮಾತು ಆಡೋಕೆ ಒಂದು ಜಾಗ ಸಿಕ್ತು ಅಷ್ಟೇ.

ಸುಮ್ನೆ ಒಂದು ಮಾತು
ಎರಡು ಸಾಲು ತೆಂಗು. ಸರಿ, ಒಪ್ಪಿದೆ.

ಡಿಜೆ ಬಸಣ್ಣನ ತಮ್ಮ
ಎಲ್ಲರೂ ತತ್ವ ಹೇಳ್ತಿದ್ದೀರಿ, ಕೆಲಸದ ಮಾತು ಯಾರೂ ಹೇಳ್ಲಿಲ್ಲ. ಬಾಡಿಗೆಗೆ ಸಾಮಾನು ಕೊಡೋನು ನಾನು. ಚಿತ್ರಕ್ಕಿಂತ ಸೌಂಡು ಮುಖ್ಯ. ಚಿತ್ರ ಮಸುಕಾದರೆ ಜನ ತಡಕೊಳ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. ಭವನದಲ್ಲಿ ಮಾತು ಗೋಡೆಗೆ ಹೊಡೆದು ಮಾರ್ದನಿ ಬರುತ್ತೆ. ಅದಕ್ಕೆ ಸ್ಪೀಕರ್ ಎರಡೂ ಮುಂದೆ ಇಡಬೇಡಿ, ಒಂದನ್ನು ಮಧ್ಯಕ್ಕೆ ತನ್ನಿ. ಮೂರು ಸಾವಿರ ಲ್ಯೂಮೆನ್ ಪ್ರೊಜೆಕ್ಟರ್ ಸಾಕು, ಆದರೆ ಕತ್ತಲಾಗಬೇಕು. ಬೇಸಿಗೆಯಲ್ಲಿ ಏಳಕ್ಕೂ ಬೆಳಕಿರುತ್ತೆ. ಎಂಟಕ್ಕೆ ಇಟ್ಟರೆ ಧಾರಾವಾಹಿ ಟೈಮು. ಅದು ನಿಮ್ಮ ಹಣೆಬರಹ.

ಕೋಟೆ ಬತೇರಿ (ಚಿತ್ರದುರ್ಗ)
ಗಾಳಿ ಮರೆತ್ರಿ ಬ್ರದರ್. ಆಷಾಢದಲ್ಲಿ ದುರ್ಗದ ಬಯಲಲ್ಲಿ ಪಂಚೆ ಕಟ್ಟಿ ಸಿನಿಮಾ ಹಾಕಿದ್ವಿ. ಪರದೆ ಹಾಯಿಯಂಗೆ ಉಬ್ಬಿ, ಕಾಡಿನ ಆನೆ ಒಂದು ಸಲ ದಪ್ಪ ಒಂದು ಸಲ ಸಣ್ಣ. ಮಕ್ಕಳಿಗೆ ಅದೇ ಮಜಾ.

ಮಿರ್ಚಿ ಮಂಡಕ್ಕಿ
ಆ ಗಾಳಿಗೇ ಅಲ್ವಾ ಗುಡ್ಡದ ತುಂಬಾ ಕರೆಂಟಿನ ಗಾಳಿ ಫ್ಯಾನ್ ನೆಟ್ಟಿದ್ದೀರಿ.

ಕಾವಲು ಕುರಿ (ಚಳ್ಳಕೆರೆ)
ಫ್ಯಾನ್ ಒಳ್ಳೇದೇ, ಹೊಗೆ ಇಲ್ಲ. ಆದರೆ ಒಂದೊಂದು ಫ್ಯಾನ್ ಹತ್ತಿಸೋಕೆ ಗುಡ್ಡ ಕಡಿದು ರಸ್ತೆ ಮಾಡ್ತಾರೆ. ಮಳೆಗೆ ಆ ಮಣ್ಣು ಕೆಳಗಿನ ಕೆರೆಗೆ. ಅದೂ ಒಂದು ಸಿನಿಮಾ.

ಜಗಳೂರು ಬೋರು
ನಮ್ಮಲ್ಲಿ ಪ್ರದರ್ಶನದ ದಿನ ಕರೆಂಟ್ ಹೋಯ್ತು. ಡೀಸೆಲ್ ಜನರೇಟರ್ ತಂದರು. ಗಾಳಿ ಮಾಲಿನ್ಯದ ಸಿನಿಮಾ. ಹೊಗೆ ನೇರ ಮುಂದಿನ ಸಾಲಿಗೆ. ನಾನು ಮುಂದಿನ ಸಾಲಿನಲ್ಲಿದ್ದೆ.

ಅದು ಬಿಡಿ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನದ್ದು. 2011ರಲ್ಲಿ ವನ್ಯಧಾಮ ಆಯ್ತು. ಊರಿನ ಮಕ್ಕಳಿಗೆ ಆಫ್ರಿಕಾದ ಸಿಂಹ ಗೊತ್ತು, ಪಕ್ಕದ ಕೊಂಡುಕುರಿ ಗೊತ್ತಿಲ್ಲ. ಫೋಟೋ ತೋರಿಸಿದರೆ "ಇದು ಯಾವ ದೇಶದ್ದು ಸಾರ್?" ಅಂದ ಒಬ್ಬ. ಅವನ ಮನೆಯಿಂದ ಕಾಡಿಗೆ ಸೈಕಲ್ ದಾರಿ. ನಮ್ಮ ಕಡೆ 57 ಕೆರೆಗೆ ತುಂಗಭದ್ರೆ ನೀರು ತರೋ ಯೋಜನೆ ಗೊತ್ತಲ್ಲ, ಅದರ ಬಗ್ಗೆ ಮಾತು ಎತ್ತಿದರೆ ಮಾತ್ರ ಬೆಳಗಾಗುವವರೆಗೆ ಮಾತಾಡ್ತಾರೆ. ಕೊಂಡುಕುರಿಯೂ ಆ ನೀರು ಕುಡಿಯೋದೇ ಅಂತ ಸೇರಿಸಿ ಹೇಳಬೇಕು, ಅಷ್ಟೇ ಉಪಾಯ.

ಡಿಜೆ ಬಸಣ್ಣನ ತಮ್ಮ
ಬ್ಯಾಟರಿ ಇನ್ವರ್ಟರ್ ಸಾಕು ಅಣ್ಣ. ಪ್ರೊಜೆಕ್ಟರ್‌ಗೆ ಜನರೇಟರ್ ಯಾರು ಹೇಳಿದ್ದು?

ಜಗಳೂರು ಬೋರು
ನಿಮ್ಮಂಥ ಬಾಡಿಗೆಯವರೇ ಹೇಳಿದ್ದು.

ಹಳೇಪೇಟೆ ಹುಡುಗಿ (ದಾವಣಗೆರೆ)
ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಎರಡನೇ ಪ್ರದರ್ಶನ ನಿನ್ನೆ ಮುಗೀತು.

ಆ ಅಜ್ಜನ ಮನೆಗೇ ಹೋದೆವು. ಅವರ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್. ನಲ್ಲಿ ಬಂದ ದಿನಕ್ಕೆಲ್ಲ ನೀಲಿ ಪೆನ್ನಿನಲ್ಲಿ ಸೊನ್ನೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ. ಹಿಂದಿನ ವರ್ಷಗಳದ್ದೂ ಸುರುಳಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಅದನ್ನೇ ಶೂಟ್ ಮಾಡಿದೆವು. ಆಮೇಲೆ ಆ ನೀರು ಬರೋ ದಾರಿ: ಭದ್ರಾ ನಾಲೆ, ಕುಂದುವಾಡ ಕೆರೆ, ಟ್ಯಾಂಕು, ನಮ್ಮ ಓಣಿ. ಎಂಟು ನಿಮಿಷದ ವಿಡಿಯೋ. ಕುರ್ಚಿ ಹಾಕಲಿಲ್ಲ, ಜಮಖಾನ ಹಾಸಿದೆವು. ಕುಡಿಯೋಕೆ ಮಡಕೆ, ಸ್ಟೀಲ್ ಲೋಟ. ಬ್ಯಾನರ್ ಇಲ್ಲ.

ಶುರುವಿನಲ್ಲೇ ಒಬ್ಬರು "ಎಲ್ಲಾ ನೀರೂ ಭದ್ರೆದಲ್ಲ, ರಾಜನಹಳ್ಳಿಯಿಂದ ತುಂಗಭದ್ರೆದೂ ಬರುತ್ತೆ" ಅಂತ ತಿದ್ದಿದರು. ಕೋಟೆ ಬತೇರಿ ಅಣ್ಣ, ಆ ತಪ್ಪು ಬೇಕಂತ ಮಾಡಿದ್ದಲ್ಲ, ಆದರೂ ಥ್ಯಾಂಕ್ಸ್. ಅಲ್ಲಿಂದ ಮಾತು ಓಣಿಗೆ ಇಳೀತು. ಮೇಲಿನ ಮನೆಗಳಿಗೆ ಎರಡು ತಾಸು ನೀರು, ಕೊನೆ ಮನೆಗಳಿಗೆ ಇಪ್ಪತ್ತು ನಿಮಿಷ ಯಾಕೆ? "ನಲ್ಲಿಗೆ ಮೋಟಾರ್ ಹಚ್ಚಿ ಎಳೀತಾರೆ, ಇನ್ನೇನು" ಅಂತ ಕೊನೆ ಮನೆ ಅಕ್ಕ ಎದ್ದು ನಿಂತರು. ಅಜ್ಜನೂ ಜೋರಾಗಿ ದನಿಗೂಡಿಸಿದರು. ಆಗ ಹೆಂಗಸರ ಸಾಲಿಂದ ಅಜ್ಜನ ಸೊಸೆ ಮೆಲ್ಲಗೆ, "ಮಾವಾ, ಮೋಟಾರ್ ನಮ್ಮ ಮನೆಯಲ್ಲೂ ಐತಿ" ಅಂದರು.

ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಬಿದ್ದ ನಗು ರಸ್ತೆಗೆ ಕೇಳಿರಬೇಕು. ಅಜ್ಜನೂ ನಕ್ಕರು, ಸ್ವಲ್ಪ ತಡವಾಗಿ. ಹತ್ತೂವರೆಗೆ ವಾಚ್‌ಮನ್ ಬಂದು ಲೈಟ್ ಆರಿಸಿದ ಮೇಲೆ ಜನ ಎದ್ದಿದ್ದು. ಮೋಟಾರ್ ತೆಗೀತಾರಾ? ಮೂರು ಮನೆಯವರು ತೆಗೀತೀವಿ ಅಂದಿದ್ದಾರೆ. ಅಜ್ಜ ಇನ್ನೂ ಏನೂ ಹೇಳಿಲ್ಲ.

ಸುಮ್ನೆ ಒಂದು ಮಾತು
ಮೂರರಲ್ಲಿ ಒಂದು ಮನೆ ತೆಗೆದರೆ ನಾನು ಬೆಣ್ಣೆದೋಸೆ ಕೊಡಿಸ್ತೀನಿ.

ಭಟ್ಟಿ ಮನೆ ಮಗ
ನಾನೂ ಹೋಗಿದ್ದೆ. ಮಂಡಕ್ಕಿ ಒಂದು ಮೂಟೆ ಒಯ್ದಿದ್ದೆ, ಮುತ್ತುಗದ ಎಲೆಯಲ್ಲಿ ಹಂಚಿದರು. ಮುಂದಿನ ತಿಂಗಳು ನಮ್ಮ ಭಟ್ಟಿ ಅಂಗಳದಲ್ಲೇ ಮಾಡೋಣ ಅಂತ ಅಪ್ಪ ಅಂದಿದ್ದಾರೆ. ಕೆಲಸ ಮುಗಿಯೋದು ಏಳಕ್ಕೆ, ಮರಳು ಆರೋಕೆ ಎಂಟು.

ಹಳೇಪೇಟೆ ಹುಡುಗಿ (ದಾವಣಗೆರೆ)
ಎಂಟಕ್ಕೇ ಇಡೋಣ, ಧಾರಾವಾಹಿ ಹೋದರೆ ಹೋಗಲಿ. ಜಮಖಾನ ಸಾಲಲ್ಲ, ಯಾರ ಹತ್ತಿರ ಇದೆ? ಮತ್ತೆ ಅಂಗಳದಲ್ಲಿ ಪ್ಲಗ್ ಪಾಯಿಂಟ್ ದೂರ ಇದೆಯಂತೆ. ಹದಿನೈದು ಮೀಟರ್ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದವರು ಹೇಳಿ.

ಡಿಜೆ ಬಸಣ್ಣನ ತಮ್ಮ
ನನ್ನ ಹತ್ತಿರ ಇದೆ. ಬಾಡಿಗೆ ಬೇಡ, ಮಂಡಕ್ಕಿ ಕೊಡಿ.